ಅನುವಾದ ಮಾಡದ ಎರಡು ಪುಟ

ಗಂಟೆ ಬಾರಿಸಿ ಮಕ್ಕಳು ಹೊರಗೆ ಹೋದ ಮೇಲೆ ಅವರು ಖಾಲಿ ತರಗತಿಯ ಯಾವುದಾದರೂ ಒಂದು ಬೆಂಚಿನಲ್ಲಿ ಹೋಗಿ ಕೂರುತ್ತಿದ್ದರು. ಪ್ರತಿದಿನ ಬೇರೆ ಬೆಂಚು. ಕೂತು, ತಾವೇ ಬರೆದ ಬೋರ್ಡನ್ನು ನೋಡುತ್ತಿದ್ದರು. ನಾನು ಅವರನ್ನು ಮೊದಲು ಕಂಡದ್ದು ಹಾಗೆ. ನನ್ನ ಪಾಠಕ್ಕೆಂದು ಒಳಗೆ ಬಂದವಳು, ಮೂರನೆಯ ಬೆಂಚಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ವಿದ್ಯಾರ್ಥಿನಿಯ ಹಾಗೆ ಕೈಕಟ್ಟಿ ಕೂತಿದ್ದನ್ನು ಕಂಡು ಬಾಗಿಲಲ್ಲೇ ನಿಂತೆ. ನಾನು ಕಾಸರಗೋಡಿನ ಕಡೆಯವಳು, ಕನ್ನಡದವಳು ಎಂದು ಅವರಿಗೆ ಆಗಲೇ ಯಾರೋ ಹೇಳಿದ್ದರು.

"ಬಾ, ಇಲ್ಲಿ ಕುಂದ್ರು," ಎಂದು ಕಿಟಕಿಯ ಪಕ್ಕದ ಜಾಗ ತೋರಿಸಿದರು. "ಬಲಗಡೆ ಮೂಲ್ಯಾಗ ಏನ ಬರದೀನಿ, ಓದು."

ಕಿಟಕಿಯ ಬೆಳಕು ಬಿದ್ದು ಬೋರ್ಡಿನ ಆ ಭಾಗ ಹೊಳೆಯುತ್ತಿತ್ತು. ಏನೂ ಕಾಣುವುದಿಲ್ಲ ಎಂದೆ.

"ನನಗೂ ಇವತ್ತ ಗೊತ್ತಾತು. ಇಷ್ಟ ವರ್ಷ ಲೆಕ್ಕದ ಉತ್ತರಾ ಎಲ್ಲಾ ಆ ಮೂಲ್ಯಾಗನ ಬರಕೋತ ಬಂದೀನಿ. ಒಬ್ಬ ಹುಡುಗರೂ ಹೇಳಿಲ್ಲ ನೋಡ. ಕಾಣೂದಿಲ್ಲ ಅಂದ್ರ ತಮ್ಮದ ಕಣ್ಣು ಸರಿ ಇಲ್ಲ ಅಂತ ತಿಳಕೊಂಡಿರ್ತಾವ, ಪಾಪ."

ಕಳೆದ ತಿಂಗಳು ಅವರು ಕೊಚ್ಚಿ ಹತ್ತಿರದ ಆಲುವದ ಬಾಡಿಗೆ ಮನೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ತಲೆಬರಹವಾಗಿ ಹಾಕಿ ನಾನು ಒಮ್ಮೆ ಬರೆದುಕೊಟ್ಟ ಕಾಗದಗಳು ತಿರುವನಂತಪುರದ ಒಂದು ಶಾಲೆಯ ಕಡತದಲ್ಲಿವೆ. ಅಷ್ಟು ಸಾಕು.

ಅವರು ಗದಗದ ಕಡೆಯವರು. ಗಂಡನಿಗೆ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಗೆ ವರ್ಗವಾಗಿ ಬಂದಿದ್ದರು. ಗಂಡ ತೀರಿಹೋದ ಮೇಲೂ ಊರಿಗೆ ಮರಳಲಿಲ್ಲ. ಒಂಬತ್ತು ಮತ್ತು ಹತ್ತನೆಯ ತರಗತಿಗೆ ಗಣಿತ ಹೇಳುತ್ತಿದ್ದರು. ನಾನು ಅದೇ ಮಕ್ಕಳಿಗೆ ಭೌತಶಾಸ್ತ್ರ. ಅಷ್ಟು ದೊಡ್ಡ ಶಾಲೆಯಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ನನ್ನ ಕನ್ನಡ ಕೇಳಿ ಅವರು ನಗುತ್ತಿದ್ದರು. "ನೀ ಮಾತಾಡಿದ್ರ ಯಾರೋ ಪಾಠಾ ಓದಿದಂಗ ಆಗ್ತದ." ನಾನೂ ಬಿಡುತ್ತಿರಲಿಲ್ಲ. "ನೀವು ಮಾತಾಡಿದ್ರೆ ಜಗಳ ಮಾಡುದಾ ಅಂತ ಸಂಶಯ ಬರ್ತದೆ ಟೀಚರೇ," ಎನ್ನುತ್ತಿದ್ದೆ.

ಪ್ರತಿ ಪಾಠದ ಕೊನೆಯ ಐದು ನಿಮಿಷ ಅವರು ಸೀಮೆಸುಣ್ಣ ಕೆಳಗಿಡುತ್ತಿದ್ದರು. ಮಕ್ಕಳು ಅರ್ಧ ಹಾಳೆಯಲ್ಲಿ, ಹೆಸರು ಹಾಕದೆ, ಇವತ್ತು ಎಲ್ಲಿ ದಾರಿ ತಪ್ಪಿತು ಎಂದು ಬರೆದುಕೊಡಬೇಕು. ಮಧ್ಯಾಹ್ನ ಊಟದ ಡಬ್ಬಿ ಪಕ್ಕದಲ್ಲಿ ಆ ಚೀಟಿಗಳನ್ನು ಹರಡಿಕೊಂಡು ಓದುತ್ತಿದ್ದರು. "ಎಲ್ಲ ಅರ್ಥವಾಯಿತು" ಎಂಬ ಚೀಟಿಯನ್ನು ಮಾತ್ರ ಬೇರೆ ತೆಗೆದಿಡುತ್ತಿದ್ದರು. "ಎಲ್ಲಾ ತಿಳೀತು ಅಂದವರ ಹತ್ರ ನಾಳೆ ಮದಲ ಹೋಗಬೇಕು," ಎಂದು ಹೇಳುತ್ತಿದ್ದರು. ಮರುದಿನದ ಪಾಠ ಹಿಂದಿನ ದಿನದ ತಪ್ಪಿನಿಂದ ಶುರುವಾಗುತ್ತಿತ್ತು, ಮಕ್ಕಳ ತಪ್ಪಿನಿಂದಲ್ಲ, ಅವರದೇ ತಪ್ಪಿನಿಂದ. ನಿನ್ನೆ ನಾನು ಈ ಉದಾಹರಣೆ ಕೊಡಬಾರದಿತ್ತು, ಈ ಹೆಜ್ಜೆಯನ್ನು ಹಾರಿಸಿಬಿಟ್ಟೆ ಎಂದು ತರಗತಿಯ ಎದುರು ಹೇಳಿಬಿಡುತ್ತಿದ್ದರು. ಮಕ್ಕಳಿಗೆ ಅದು ತಮಾಷೆ. ಅವರು ಒಳಗೆ ಬರುವ ಮೊದಲೇ ಹಿಂದಿನ ಬೆಂಚಿನಿಂದ ಯಾರಾದರೂ ಕೇಳುತ್ತಿದ್ದರು: "ಟೀಚರೇ, ಇವತ್ತಿನ ತಪ್ಪು ಯಾವುದು?"

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಒಂದು ದಿನ ನನ್ನ ಪಾಠ ಕೇಳಲು ಬಂದು ಕೂತರು. ಆಮೇಲೆ ವರಾಂಡದಲ್ಲಿ ಕೇಳಿದರು.

"ಪ್ರಶ್ನಿ ಕೇಳಿದ ಮ್ಯಾಲೆ ನೀ ಎಷ್ಟ ಹೊತ್ತ ಕಾಯ್ತಿ, ಗೊತ್ತೈತೇನ?"

"ಸ್ವಲ್ಪ ಹೊತ್ತು ಕಾಯ್ತೇನಲ್ಲ?"

"ಒಂದ ಸೆಕೆಂಡು. ನಾ ಎಣಿಸೀನಿ. ಆಮ್ಯಾಲೆ ಉತ್ತರಾನೂ ನೀನ ಹೇಳ್ತಿ. ಹಂಗಾದ್ರ ಅವರು ಯಾಕ ಬರಬೇಕು ಶಾಲೀಗೆ?"

ಕಾಯುವುದು ಅವರ ದೊಡ್ಡ ನಂಬಿಕೆ. ಒಂದು ಮಗುವಿಗೆ ಪ್ರಶ್ನೆ ಕೇಳಿದ ಮೇಲೆ ಬೇರೆಯವರು ಉತ್ತರ ಕೂಗಬಾರದು, ಟೀಚರೂ ಸುಳಿವು ಕೊಡಬಾರದು. ಹತ್ತು, ಇಪ್ಪತ್ತು ಸೆಕೆಂಡಿನ ಮೌನ. ಆ ಮೌನದಲ್ಲಿ ಮಕ್ಕಳು ನಿಜವಾಗಿ ಯೋಚಿಸಲು ತೊಡಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನೂ ಕಾಯುವುದನ್ನು ಕಲಿತೆ. ನನ್ನ ತರಗತಿಯಲ್ಲಿ ಎಂದೂ ಬಾಯಿ ಬಿಡದ ನಾಲ್ಕೈದು ಮಕ್ಕಳು ಆ ವರ್ಷ ಮಾತಾಡಿದರು. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅನ್ಯಾಯವಾಗುತ್ತದೆ.

ಒಮ್ಮೆ ನಮ್ಮ ಪ್ರಿನ್ಸಿಪಾಲರು ಯಾವುದೋ ತರಬೇತಿ ಮುಗಿಸಿ ಬಂದು, ಇನ್ನು ಮುಂದೆ ಎಲ್ಲ ಶಿಕ್ಷಕರೂ ದಿನಚರಿ ಬರೆಯಬೇಕೆಂದು ಹೇಳಿದರು. ಪಾಠದಲ್ಲಿ ಯಾವುದು ಸರಿಹೋಯಿತು, ಯಾವುದು ಹೋಗಲಿಲ್ಲ, ಮುಂದೇನು. ಪ್ರತಿ ಶುಕ್ರವಾರ ಅವರ ಮೇಜಿಗೆ ಹೋಗಬೇಕು. ನಾವೆಲ್ಲ ಶುಕ್ರವಾರ ಮಧ್ಯಾಹ್ನ ಕೂತು ಇಡೀ ವಾರದ್ದನ್ನು ಒಟ್ಟಿಗೆ ಬರೆಯುತ್ತಿದ್ದೆವು. "ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ಮುಂದಿನ ಸಲ ಹೆಚ್ಚು ಚಿತ್ರಗಳನ್ನು ಬಳಸುತ್ತೇನೆ." ನನ್ನದರಲ್ಲಿ ಈ ಎರಡು ವಾಕ್ಯಗಳು ಎಷ್ಟು ಸಲ ಬಂದಿವೆಯೋ ಲೆಕ್ಕವಿಲ್ಲ.

ಅವರಿಗೆ ಹೊಸದಾಗಿ ಏನೂ ಮಾಡಬೇಕಾಗಿರಲಿಲ್ಲ. ಮೊದಲಿನಿಂದಲೂ ಉದ್ದನೆಯ ಪುಸ್ತಕವೊಂದರಲ್ಲಿ, ದಿನಕ್ಕೊಂದು ಪುಟ, ಬರೆಯುತ್ತಿದ್ದರು. ಅದೂ ಕನ್ನಡದಲ್ಲಿ. ಪ್ರಿನ್ಸಿಪಾಲರು ಒಳ್ಳೆಯವರು, ಓದಲಾಗದಿದ್ದರೂ ಪ್ರತಿ ವಾರ ಸಹಿ ಹಾಕಿ ಕಳಿಸುತ್ತಿದ್ದರು. "ಒಂದ ಪುಟದಾಗ ಝುಣಕಾ ಮಾಡೂದು ಹೆಂಗ ಅಂತ ಬರದಿದ್ದೆ. ಅದಕ್ಕೂ ಸಹಿ, ಮ್ಯಾಲ 'ಗುಡ್' ಅಂತ ಬ್ಯಾರೆ," ಎಂದು ಒಮ್ಮೆ ನನಗೆ ತೋರಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಇಂಗ್ಲಿಷಿನಲ್ಲಿ ಯಾಕೆ ಬರೆಯುವುದಿಲ್ಲ ಎಂದು ಕೇಳಿದ್ದೆ.

"ಇಂಗ್ಲಿಷ್‌ನಾಗ ಬರದ್ರ ನಾ ಭಾಳ ಶ್ಯಾಣ್ಯಾಕಿ ಆಗಿಬಿಡ್ತೀನಿ. ಕನ್ನಡದಾಗ ನನಗ ನಾನ ಸುಳ್ಳ ಹೇಳಾಕ ಬರೂದಿಲ್ಲ."

ಇದೆಲ್ಲ ಆರು ವರ್ಷದ ಹಿಂದಿನ ಮಾತು. ಆ ವರ್ಷ ಒಂಬತ್ತನೆಯ ತರಗತಿಗೆ ಜಿನ್ಸಿ ಎಂಬ ಹುಡುಗಿ ಸೇರಿದಳು. ಮನೆ ವಿಳಿಂಜಂನಲ್ಲಿ. ಮೀನಿಗೆ ಹೋಗುತ್ತಿದ್ದ ಅಪ್ಪ ಹೊಸ ಬಂದರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಮಲಯಾಳಂ ಶಾಲೆಯಿಂದ ಬಿಡಿಸಿ ನಮ್ಮಲ್ಲಿಗೆ ಹಾಕಿದ್ದರು. ನಮ್ಮ ಶಾಲೆಯಲ್ಲಿ ತರಗತಿಯೊಳಗೆ ಇಂಗ್ಲಿಷಿನ ಹೊರತು ಬೇರೆ ಮಾತು ಆಡಬಾರದೆಂಬ ನಿಯಮವಿತ್ತು. ಪ್ರಿನ್ಸಿಪಾಲರು ಬೇರೆ ಎಲ್ಲದರಲ್ಲಿ ಸಡಿಲ, ಇದೊಂದರಲ್ಲಿ ಬಿಗಿ.

ಒಂದು ಸೋಮವಾರ ಅವರು ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದರು. ಮೂರು, ನಾಲ್ಕು ಮತ್ತು ಎಂಟು ಸೆಂಟಿಮೀಟರಿನ ಮೂರು ಕಡ್ಡಿಗಳಿಂದ ತ್ರಿಭುಜ ಮಾಡಲು ಬರುತ್ತದೆಯೇ? ಯಾಕೆ? ಜಿನ್ಸಿಯನ್ನು ಎಬ್ಬಿಸಿ ಕೇಳಿದರು. ಅವಳು ಎದ್ದು ನಿಂತಳು. ಏನೂ ಹೇಳಲಿಲ್ಲ. ಅವರು ಕಾದರು. ಕೈ ಎತ್ತಿದ ಬೇರೆ ಮಕ್ಕಳಿಗೆ ಕೈ ಇಳಿಸಲು ಸನ್ನೆ ಮಾಡಿದರು. ಮತ್ತೆ ಕಾದರು. ಕೊನೆಗೆ ಹಿಂದೆ ಯಾರೋ ನಕ್ಕರು, ಮತ್ತೆ ಕೆಲವರು ನಕ್ಕರು. ಆಗ ಕೂರಿಸಿದರು. ಮರುದಿನ ಜಿನ್ಸಿ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಮುಂದಿನ ಸೋಮವಾರ ಅವಳ ತಾಯಿಯ ಕಾಗದ ಬಂತು: ನನ್ನ ಮಗಳನ್ನು ಎಲ್ಲರೆದುರು ನಿಲ್ಲಿಸಿ ನಗೆಪಾಟಲು ಮಾಡಿದರು, ಅವಳು ಅನ್ನ ಬಿಟ್ಟಿದ್ದಾಳೆ.

ಮೂವರ ಸಮಿತಿಯಾಯಿತು. ಅಲ್ಲಿ ಅವರು ಏನನ್ನೂ ಅಲ್ಲಗಳೆಯಲಿಲ್ಲ. ಅಂದು ನಡೆದದ್ದನ್ನೆಲ್ಲ ಅಂದೇ ಬರೆದಿದ್ದೇನೆ ಎಂದು ಪುಸ್ತಕವನ್ನು ತಾವಾಗಿಯೇ ಮೇಜಿನ ಮೇಲೆ ಇಟ್ಟುಬಂದರಂತೆ. ಎರಡು ವಾರ ಅದು ಅಲ್ಲೇ ಇತ್ತು. ಶುಕ್ರವಾರಗಳಲ್ಲಿ ಮಾತ್ರ ಅವರು ಹೋಗಿ, ಆ ವಾರದ್ದನ್ನೆಲ್ಲ ಒಂದೇ ಪುಟದಲ್ಲಿ ಬರೆದು ಬರುತ್ತಿದ್ದರು. ಆಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ನೀವು ಕನ್ನಡ ಓದುತ್ತೀರಲ್ಲ. ಆ ಸೋಮವಾರದಿಂದ ಶುಕ್ರವಾರದವರೆಗೆ, ಆ ವಾರದ್ದು ಸಾಕು. ಇಂಗ್ಲಿಷಿನಲ್ಲಿ ಬರೆದುಕೊಡಿ. ಸೇರಿಸುವುದೂ ಬೇಡ, ಬಿಡುವುದೂ ಬೇಡ. ನೀವು ಜಾಗ್ರತೆಯ ಮನುಷ್ಯೆ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ."

ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಕೂತೆ. ಸೋಮವಾರದ ಪುಟದಲ್ಲಿ ಹೀಗಿತ್ತು:

"ಇವತ್ತ ಜಿನ್ಸೀನ ನಾಕ ನಿಮಿಷ ನಿಲ್ಲಿಸಿದೆ. ಕಾಯಾಕತ್ತೀನಿ ಅಂತ ತಿಳಕೊಂಡಿದ್ದೆ. ಎರಡನೇ ನಿಮಿಷಕ್ಕನ ಅಕೀ ಕಿವಿ ಕೆಂಪಾಗಿದ್ದು ಕಂಡಿತ್ತು. ಕಂಡರೂ ಕುಂದ್ರಸಲಿಲ್ಲ. ಅಕಿ ಉತ್ತರಾ ಹೇಳಿದ್ರ ನನ್ನ ಪದ್ಧತಿ ಗೆಲ್ಲತೈತಿ ಅನ್ನೋ ಆಸೆ ಇತ್ತು. ನಾ ಅಕೀನ ನೋಡಾಕತ್ತಿರಲಿಲ್ಲ."

ಮುಂದಿನ ದಿನಗಳಲ್ಲೂ ಇದೇ ವಿಷಯ, ಇನ್ನೂ ಕಠಿಣವಾಗಿ. ನಾನು ಒಂದೊಂದೇ ವಾಕ್ಯವನ್ನು ಎರಡು ಸಲ ಓದಿ, ತಿದ್ದಿ, ಇಂಗ್ಲಿಷಿಗೆ ತಂದೆ. ಕಂಡರೂ ಕೂರಿಸಲಿಲ್ಲ ಎಂಬುದು ಇಂಗ್ಲಿಷಿನಲ್ಲೂ ಅಷ್ಟೇ ಸ್ಪಷ್ಟವಾಗಿ ಬಂತು. ಕೆಲಸ ಮುಗಿದಿತ್ತು. ಆದರೆ ಪುಸ್ತಕ ಮುಚ್ಚಲಾಗಲಿಲ್ಲ, ಮುಂದಕ್ಕೂ ಓದಿದೆ. ಮುಂದಿನ ಎರಡು ವಾರಗಳವು ಎರಡೇ ಪುಟ ಇದ್ದವು. ಮೊದಲನೆಯದರಲ್ಲಿ, ವಿಳಿಂಜಂಗೆ ಎರಡು ಸಲ ಹೋದೆ, ಹುಡುಗಿ ಹೊರಗೆ ಬರಲಿಲ್ಲ ಎಂದಿತ್ತು. ಎರಡನೆಯದು ಇದು. ಇದನ್ನು ನಾನು ಒಂದೇ ಸಲ ಓದಿದ್ದು, ಆದರೂ ಬಾಯಿಗೆ ಬರುತ್ತದೆ:

"ಮೂರನೇ ಸಲ ಹೋದೆ. ಬಾಗಿಲಾ ತಗದಳು. ಬಲೀ ಹೆಣಿಯೋ ಹಗ್ಗದ ತುಂಡು ಮೂರು ತಂದು ನೆಲದ ಮ್ಯಾಲೆ ಇಟ್ಟು ತೋರಿಸಿದ್ಲು. ಸಣ್ಣವು ಎರಡೂ ಕೂಡಿದ್ರೂ ದೊಡ್ಡದರ ತುದೀಗೆ ಮುಟ್ಟೂದಿಲ್ಲ. 'ಎತ್ತೂಲ ಟೀಚರೇ' ಅಂದ್ಲು, ಮುಟ್ಟೂದಿಲ್ಲ ಅಂತ. ಅಷ್ಟ. ಅಕಿಗೆ ಮದಲನೇ ನಿಮಿಷಕ್ಕನ ಗೊತ್ತಿತ್ತು. ಇಂಗ್ಲಿಷ್‌ನಾಗ ಹೆಂಗ ಹೇಳೂದು ಅಂತ ನಾಕ ನಿಮಿಷ ಹುಡಕ್ಯಾಳ. ನಾ ಮನಸ್ಸಿನಾಗ ಲೆಕ್ಕಾ ಮಾಡೂದು ಕನ್ನಡದಾಗ. ಅಕಿ ತನ್ನ ಭಾಷಾದಾಗ ಮಾಡ್ತಿರ್ತಾಳ ಅಂತ ನನಗ ಯಾಕ ಹೊಳೀಲಿಲ್ಲ? ಅಕಿಗೆ ತಪ್ಪಾತು ಅಂದೆ. ನಾಳಿಂದ ನನ್ನ ಕ್ಲಾಸಿನಾಗ ಯಾವ ಭಾಷಾದಾಗ ಹೇಳಿದ್ರೂ ಉತ್ತರ ಉತ್ತರನ."

ಆ ಎರಡು ಪುಟಗಳನ್ನು ನಾನು ಅನುವಾದ ಮಾಡಲಿಲ್ಲ. ಅವು ಇವೆ ಎಂದು ಪ್ರಿನ್ಸಿಪಾಲರಿಗೆ ಹೇಳಲೂ ಇಲ್ಲ. ಕೊನೆಯ ಸಾಲು ಶಾಲೆಯ ನಿಯಮಕ್ಕೆ ನೇರ ವಿರುದ್ಧ, ತೋರಿಸಿದರೆ ಅವರಿಗೆ ಇನ್ನೂ ಕೆಡುಕಾಗುತ್ತದೆ ಎಂದು ಅಂದುಕೊಂಡೆ. ಇದು ಸುಳ್ಳಲ್ಲ. ಆದರೆ ಅದಕ್ಕಿಂತ ಮೊದಲು ಮನಸ್ಸಿಗೆ ಬಂದದ್ದು ಬೇರೆ: ನನ್ನನ್ನು ಕೇಳಿದ್ದು ಆ ವಾರದ್ದು ಮಾತ್ರ. ನಿಯಮದ ಯೋಚನೆ ಬಂದದ್ದು ಆಮೇಲೆ.

ಅನುವಾದದ ಒಂದು ಪ್ರತಿಯನ್ನು ಅವರಿಗೂ ಕೊಟ್ಟರು. ಹೇಳುವುದೇನಾದರೂ ಇದೆಯೇ ಎಂದು ಸಮಿತಿ ಕೇಳಿದಾಗ, ಬರೆದದ್ದು ಸರಿಯಾಗಿದೆ ಎಂದರಂತೆ. ಅವರ ತರಗತಿಗಳನ್ನು ಬೇರೆಯವರಿಗೆ ಹಂಚಿದರು. ಉಳಿದ ವರ್ಷ ಅವರನ್ನು ಗ್ರಂಥಾಲಯದಲ್ಲಿ ಕೂರಿಸಿದರು. ಪುಸ್ತಕಗಳಿಗೆ ರಟ್ಟು ಹಾಕುತ್ತ ಇರುತ್ತಿದ್ದರು. ಗಂಟೆ ಬಾರಿಸಿದಾಗಲೆಲ್ಲ ತಲೆಯೆತ್ತಿ ಒಂದು ಕ್ಷಣ ಬಾಗಿಲ ಕಡೆ ನೋಡುತ್ತಿದ್ದರು. ಆ ನೋಟವನ್ನು ತಪ್ಪಿಸಿಕೊಳ್ಳಲು ನಾನು ಪ್ರಯೋಗಾಲಯಕ್ಕೆ ಹಿಂದಿನ ಮೆಟ್ಟಿಲಿನಿಂದ ಹೋಗಲು ಶುರುಮಾಡಿದೆ. ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟು ಕೊಚ್ಚಿಗೆ ಹೋದರು. ಶಿಕ್ಷಕರ ದಿನಚರಿ ಮಾತ್ರ ನಿಲ್ಲಲಿಲ್ಲ. ಈಗ ಎಲ್ಲರ ದಿನಚರಿಯೂ ಒಂದೇ ರೀತಿ ಇರುತ್ತದೆ, ಎಲ್ಲರ ಮಕ್ಕಳೂ ಉತ್ಸಾಹದಿಂದ ಭಾಗವಹಿಸುತ್ತಾರೆ.

ಆಮೇಲೆ ಅವರನ್ನು ಒಂದೇ ಸಲ ಕಂಡೆ. ಆಲುವದಲ್ಲಿ ಮನೆ ಮಾಡಿದ್ದರು. ಮೆಟ್ರೊ ಹಿಡಿದು ವೈಟ್ಟಿಲದ ಹತ್ತಿರದ ಟ್ಯೂಷನ್ ಕೇಂದ್ರಕ್ಕೆ ಬಂದು ಪಾಠ ಹೇಳುತ್ತಿದ್ದರು. ನಾನು ಏನೋ ಕೆಲಸಕ್ಕೆ ಹೋದವಳು ಫೋನ್ ಮಾಡಿದೆ. ವೈಟ್ಟಿಲದ ಬಸ್ ನಿಲ್ದಾಣಕ್ಕೇ ಬಂದರು. ತೆಳ್ಳಗಾಗಿದ್ದರು. ಬಸ್ಸುಗಳ ಗದ್ದಲದ ನಡುವೆ ನಿಂತು ಚಹಾ ಕುಡಿದೆವು. ನಾನು ಹೇಳಬೇಕೆಂದು ಬಂದದ್ದನ್ನು ಹೇಳಲು ಬಾಯಿ ತೆರೆದೆ.

"ಅಕ್ಕಾ, ಆ ಅನುವಾದ..."

"ಓದೀನಿ. ಒಂದೂ ತಪ್ಪಿರಲಿಲ್ಲ," ಎಂದರು.

"ಮುಂದಿನ ಎರಡು ಪುಟ ನಾನು ಓದಿದ್ದೆ. ಹೇಳ್ಬೇಕಿತ್ತು. ಹೇಳ್ಲಿಲ್ಲ."

ಅವರು ಗ್ಲಾಸಿನ ತಳದ ಚಹಾ ಪುಡಿಯನ್ನು ಅಲ್ಲಾಡಿಸಿ ನೋಡಿದರು. "ನಾನೂ ತೋರಿಸಲಿಲ್ಲಲ್ಲ. ಅದನ್ನ ತೋರಿಸಿದ್ರ ಹಿಂದಿನ ಪುಟಾ ಅಳಿಸಿದಂಗ ಆಗ್ತಿತ್ತು. ನಾಕ ನಿಮಿಷ ಅಕಿ ನಿಂತಿದ್ದು ಹೋಗೂದಿಲ್ಲಲ್ಲ." ನನ್ನ ಮುಖ ನೋಡಿ, "ನಿಂದು ನಿನಗ ಬಿಟ್ಟಿದ್ದು ತಂಗಿ. ಅದನ್ನ ನಾ ಹೆಂಗ ತಿದ್ದಲಿ?" ಎಂದರು.

ಸಿಟ್ಟಿರಲಿಲ್ಲ. ಸಮಾಧಾನ ಮಾಡುವ ಮಾತೂ ಆಗಿರಲಿಲ್ಲ. ಅವರ ಪಾಠಕ್ಕೆ ಹೊತ್ತಾಗಿತ್ತು, ಹೋದರು. ಅಂದಿನಿಂದ, ಪ್ರಶ್ನೆ ಕೇಳಿದ ಮೇಲೆ ನಾನು ಮಕ್ಕಳ ಮುಖ ನೋಡುವುದಿಲ್ಲ, ಕಿವಿ ನೋಡುತ್ತೇನೆ. ಎಷ್ಟೋ ಸಲ ಯಾರ ಕಿವಿಯೂ ಕೆಂಪಾಗಿಲ್ಲದಿದ್ದರೂ ಹೆದರಿ, ಉತ್ತರವನ್ನು ನಾನೇ ಹೇಳಿಬಿಡುತ್ತೇನೆ. ಆಗ ಖಾಲಿ ಇರುವ ಯಾವುದೋ ಬೆಂಚಿನಿಂದ "ಒಂದ ಸೆಕೆಂಡು" ಎಂದು ಕೇಳಿಸುತ್ತದೆ. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಕೇಳಿಸುತ್ತದೆ.

ಅವರು ತೀರಿಕೊಂಡ ಮೂರನೆಯ ದಿನ ನಾನು ಆಲುವಕ್ಕೆ ಹೋದೆ. ಗದಗದಿಂದ ಬಂದಿದ್ದ ತಮ್ಮ ಒಳಗೆ ಮನೆಯ ಮಾಲೀಕರ ಜೊತೆ ಮಾತಾಡುತ್ತಿದ್ದರು. ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಹಾಲು ಹಾಕದ ಕಟ್ಟನ್ ಚಾಯ ತಂದುಕೊಟ್ಟು, "ಮಿಸ್ಸೇ, ನಾನು ಜಿನ್ಸಿ," ಎಂದಳು.

ಆ ವರ್ಷವೇ ಅವಳನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಿದ್ದರು. ಈಗ ಕೊಚ್ಚಿಯಲ್ಲಿ ಓದುತ್ತಿದ್ದಾಳೆ. ಎರಡು ವರ್ಷದಿಂದ ಭಾನುವಾರಗಳಲ್ಲಿ ಟೀಚರ ಮನೆಗೆ ಬರುತ್ತಿದ್ದಳಂತೆ. ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಅವಳು ಹೇಳಿದ್ದು ಮಲಯಾಳಂನಲ್ಲಿ. ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ, ಈ ಸಲ ಏನನ್ನೂ ಬಿಡದೆ.

"ಟೀಚರ್ ಮನೆಗೆ ಬಂದು ತಪ್ಪಾಯಿತು ಅಂದ ಮೇಲೆ ಅಮ್ಮ ಕಾಗದ ವಾಪಸ್ ತಗೊಳ್ಳೋದಕ್ಕೆ ಶಾಲೆಗೆ ಹೋಗಿದ್ದಳು. ಆಫೀಸಿನಲ್ಲಿ ಏನಂದರು ಗೊತ್ತಾ? ನಿಮ್ಮ ದೂರು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಟೀಚರೇ ಬರೆದು ಒಪ್ಪಿಕೊಂಡಿದ್ದಾರೆ, ಇಂಗ್ಲಿಷಿನಲ್ಲಿ ನಮ್ಮ ಹತ್ತಿರ ಇದೆ ಅಂದರು. ಅಮ್ಮ ಅಳುತ್ತಾ ಬಂದಳು. ಟೀಚರಿಗೆ ಇದನ್ನು ಎಷ್ಟು ಸಲ ಕೇಳಿದರೂ ಮಾತು ತಿರುಗಿಸಿಬಿಡುತ್ತಿದ್ದರು. ನೀವು ಅಲ್ಲೇ ಇದ್ದಿರಲ್ಲ ಮಿಸ್ಸೇ. ಅವರ ಕೆಲಸ ಹೋದದ್ದು ನನ್ನಿಂದಾನಾ?"

"ಅಲ್ಲ," ಎಂದೆ. "ಇಂಗ್ಲಿಷಿನಲ್ಲಿ ಬರೆದುಕೊಟ್ಟವಳು ನಾನು."

ನಾನು ಎಲ್ಲವನ್ನೂ ಹೇಳಿದೆ: ಎಷ್ಟು ಪುಟ ಕೊಟ್ಟೆ, ಯಾವ ಎರಡು ಪುಟ ಕೊಡಲಿಲ್ಲ, ಮೊದಲು ಏನು ಯೋಚಿಸಿದೆ, ಆಮೇಲೆ ಏನು.

"ಆ ಎರಡರಲ್ಲಿ ಏನಿತ್ತು?" ಎಂದು ಕೇಳಿದಳು.

ನೆನಪಿನಿಂದ ಒಂದೊಂದೇ ಸಾಲನ್ನು ಮಲಯಾಳಂಗೆ ಮಾಡುತ್ತ ಹೇಳಿದೆ. ಹಗ್ಗದ ತುಂಡುಗಳ ಮಾತು ಬಂದಾಗ ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ನಾನು ಮುಗಿಸಿದ ಮೇಲೆ ಸೆರಗಿನಂತೆ ಹೊದ್ದ ದುಪಟ್ಟಾದಿಂದ ಮೂಗು ಒರೆಸಿಕೊಂಡು, "ಮೂರು ಸಲ ಅಲ್ಲ ಮಿಸ್ಸೇ, ನಾಲ್ಕು," ಎಂದಳು.

"ಅವರು ಮೂರು ಅಂತಲೇ ಬರೆದಿದ್ದಾರೆ."

"ನಾಲ್ಕು. ಮೊದಲನೆಯದು ಆ ವಾರದ ಶುಕ್ರವಾರ. ಬಾಗಿಲ ತನಕ ಬರಲಿಲ್ಲ. ಎದುರಿಗೆ ಬಲೆ ಇಡುವ ಶೆಡ್ಡು ಇದೆಯಲ್ಲ, ಅದರ ಹತ್ತಿರ ಬಿಸಿಲಿನಲ್ಲಿ ನಿಂತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಹಳ ಹೊತ್ತು ನಿಂತು, ವಾಪಸ್ ಬಸ್ಸಿಗೆ ಹೋದರು. ನಾನು ಕರೆಯಬಹುದಿತ್ತು. ಕರೆಯಲಿಲ್ಲ."

"ನೀನು ನೋಡಿದೆ ಅಂತ ಅವರಿಗೆ ಯಾವಾಗಲಾದರೂ ಹೇಳಿದೆಯಾ?"

"ಇಲ್ಲ. ಬಂದಿದ್ದೆ ಅಂತ ಅವರೂ ಹೇಳಲಿಲ್ಲ."

ಆ ಶುಕ್ರವಾರದ ಪುಟ ನನಗೆ ನೆನಪಿದೆ. ನನ್ನನ್ನು ಅನುವಾದ ಮಾಡಲು ಕೇಳಿದ್ದ ವಾರದ ಕೊನೆಯ ಪುಟ ಅದು. ಮೇಲೆ ಅವರ ಕೈಬರಹದಲ್ಲಿ ದಿನಾಂಕವಿತ್ತು, ಕೆಳಗೆ ಪ್ರಿನ್ಸಿಪಾಲರ ಸಹಿಯಿತ್ತು. ನಡುವೆ ಒಂದಕ್ಷರವೂ ಇರಲಿಲ್ಲ. ಅನುವಾದ ಮಾಡಲು ಏನೂ ಇಲ್ಲವೆಂದು ನಾನು ಆ ಹಾಳೆಯನ್ನು ಮಗುಚಿ ಮುಂದೆ ಹೋಗಿದ್ದೆ.